‘ಮದಿ’ ಅಂದ ಮೇಲೆ ಆಟ ಇಲ್ಲ

ಶಿರಾ ತಾಲೂಕಿನ ಮದಲೂರು ನಮ್ಮ ಕರಾವಳಿಯ ಹೆಚ್ಚಿನವರು ನೋಡಿದ ಊರಲ್ಲ. ತುಮಕೂರು ಜಿಲ್ಲೆಯ ಬಯಲು ಸೀಮೆ. ಮಳೆ ಕಡಿಮೆ, ಶೇಂಗಾ ಹೊಲ, ಊರಿಗೊಂದು ದೊಡ್ಡ ಕೆರೆ. ಆ ಕಡೆಯ ಒಂದು ಕಾಲೇಜಿನಲ್ಲಿ ನಾನು ಕೆಲವು ವರ್ಷ ಪಾಠ ಮಾಡಿದ್ದೆ. ಮಂಗಳೂರು ಕಡೆಯವನು ಎಂಬ ಒಂದೇ ಕಾರಣಕ್ಕೆ ಫುಟ್ಬಾಲ್ ತಂಡದ ಮ್ಯಾನೇಜರ್ ಕೆಲಸ ನನ್ನ ತಲೆಗೆ ಬಿತ್ತು. "ನಿಮ್ ಕಡೆ ಹುಟ್ಟಿದೋರೆಲ್ಲ ಫುಟ್ಬಾಲ್ ಆಡ್ತಾರಂತಲ್ಲ ಸಾರ್" ಎಂದರು. ಕೊಯ್ಲು ಮುಗಿದ ಗದ್ದೆಯಲ್ಲಿ, ಅಸರ್‌ನಿಂದ ಮಗ್ರಿಬ್‌ವರೆಗೆ ಆಡಿದ್ದು ಬಿಟ್ಟರೆ ನನಗೂ ಹೆಚ್ಚೇನೂ ಗೊತ್ತಿರಲಿಲ್ಲ. ಆದರೂ ಒಪ್ಪಿಕೊಂಡೆ.

ಮದಲೂರು ಮತ್ತು ಸುತ್ತಲಿನ ಹಳ್ಳಿಗಳ ಹುಡುಗರೇ ತಂಡದಲ್ಲಿ ಹೆಚ್ಚು. ಅವರೆಲ್ಲ ಮೊದಲು ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಆಡಿದವರು. ಕಾಲೇಜಿಗೆ ಬಂದ ಮೇಲೆ ಫುಟ್ಬಾಲ್ ಮುಟ್ಟಿದವರು. ಓಟಕ್ಕೆ ಕೊರತೆ ಇರಲಿಲ್ಲ, ಮೈಯಲ್ಲಿ ಕಸುವು ಇತ್ತು. ಅಂತರ ಕಾಲೇಜು ಪಂದ್ಯಕ್ಕೆ ಹೋದೆವು. ಮೊದಲ ಹತ್ತು ನಿಮಿಷ ಎದುರಿನವರಿಗೆ ಸರಿಸಮವಾಗಿಯೇ ಆಡಿದರು. ಒಂದು ಗೋಲು ಬಿತ್ತು. ಪರವಾಗಿಲ್ಲ ಅಂದುಕೊಂಡೆವು. ಎರಡನೆಯದು ಬಿತ್ತು. ಮೂರನೆಯದು ಬಿದ್ದಾಗ ನನ್ನ ಕಣ್ಣೆದುರೇ ಒಂದು ತಂಡ ಇಲ್ಲವಾಯಿತು. ಹನ್ನೊಂದು ಮಂದಿ ಮೈದಾನದಲ್ಲಿ ನಿಂತೇ ಇದ್ದರು. ಆದರೆ ತಂಡ ಇರಲಿಲ್ಲ.

ವಿರಾಮದಲ್ಲಿ ಹುಡುಗರು ನೆಲದಲ್ಲಿ ಕೂತು ನೀರು ಕುಡಿಯುತ್ತಿದ್ದರು. ನಾನು ಏನಾದರೂ ಹೇಳಲೇಬೇಕಿತ್ತು. ಏನು ಹೇಳಬೇಕೆಂದು ತೋಚಲಿಲ್ಲ. "ಹೋಗಲಿ ಬಿಡಿ ಮಕ್ಕಳೇ, ಇನ್ನು ಹೆಚ್ಚು ಗೋಲು ಬಿಡದಿದ್ದರೆ ಮದಿ" ಅಂದೆ. ಬಾಯಿ ತಪ್ಪಿ ನಮ್ಮ ಬ್ಯಾರಿ ಮಾತೇ ಬಂದುಬಿಟ್ಟಿತ್ತು. ಗೋಲ್ ಕೀಪರ್ ಹುಡುಗ ತಲೆ ಎತ್ತಿ ಕೇಳಿದ: "ಮದಿ ಅಂದ್ರೇನ್ ಸಾರ್?" "ಸಾಕು ಅಂತ" ಅಂದೆ. ಅವನು ಬೇರೇನೂ ಹೇಳಲಿಲ್ಲ. ಕೈಯ ಗ್ಲೌಸ್ ಬಿಚ್ಚಿ, ಮಣ್ಣು ಕೊಡವಿ, ಮತ್ತೆ ಹಾಕಿಕೊಂಡ. ಆ ಪಂದ್ಯ ನಾವು 0-7ರಲ್ಲಿ ಸೋತೆವು. ಬಸ್ಸಿನಲ್ಲಿ ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಯಾರೋ "ಮದಿ, ಮದಿ" ಎಂದು ತಮಾಷೆ ಮಾಡುತ್ತಿದ್ದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಊರಿಗೆ ಬಂದ ಮೇಲೆ ಇಲ್ಲಿಯ ಪಂದ್ಯಗಳನ್ನೂ ಅದೇ ಕಣ್ಣಿನಿಂದ ನೋಡತೊಡಗಿದೆ. ಮಂಗಳೂರಿನ ನೆಹರೂ ಮೈದಾನದ ಬದಿಯಲ್ಲಿ ನಿಂತು ಕಾಲೇಜು ಪಂದ್ಯ ನೋಡಿದವರಿಗೆ ಇದು ಹೊಸತಲ್ಲ. ಮನಸ್ಸು ಬಿಟ್ಟ ತಂಡ ಹೇಗಿರುತ್ತದೆ ಅಂತ ನಿಮಗೂ ಗೊತ್ತುಂಟು. ಮೊದಲು ಮಾತು ನಿಲ್ಲುತ್ತದೆ. "ಕೊಡು", "ಹಿಂದೆ ಇದ್ದಾನೆ", "ಬಿಡು" ಎಂಬ ಕೂಗು ಯಾವುದೂ ಇರುವುದಿಲ್ಲ. ಆಮೇಲೆ ಕೈ ಸೊಂಟಕ್ಕೆ ಹೋಗುತ್ತದೆ. ಚೆಂಡು ಹೊರಗೆ ಹೋದರೆ ತರುವವನು ನಡೆದುಕೊಂಡು ಹೋಗುತ್ತಾನೆ. ಒಬ್ಬ ಸುಮ್ಮನೆ ಬೂಟಿನ ಲೇಸು ಕಟ್ಟುತ್ತಾನೆ. ಫಾರ್ವರ್ಡ್ ಆಡುವವನು ಡಿಫೆಂಡರಿಗೆ ಬೈಯುತ್ತಾನೆ, ಡಿಫೆಂಡರ್ ಕೀಪರಿಗೆ ಬೈಯುತ್ತಾನೆ, ಕೀಪರ್ ರೆಫ್ರಿಗೆ ಬೈಯುತ್ತಾನೆ. ಎದುರಿನ ತಂಡದ ಗೋಲು ಬಿಟ್ಟು ಬೇರೆಲ್ಲ ಕಡೆ ಅವರ ಸಿಟ್ಟು ಹೋಗುತ್ತದೆ.

ಹೊರಗೆ ನಿಂತ ನಾವು ಏನು ಹೇಳುತ್ತೇವೆ? "ಇವಕ್ಕೆ ದಮ್ಮಿಲ್ಲ ಮಾರಾಯ್ರೆ, ಮೊಬೈಲ್ ಹಿಡಿದು ಕೂತರೆ ಇಷ್ಟೇ." ಇದು ಸುಲಭದ ತೀರ್ಪು. ಆದರೆ ಸರಿಯಾದ ತೀರ್ಪಲ್ಲ.

ಯಾಕೆಂದರೆ ಇದೇ ಗತಿ ಲೋಕದ ಅತಿ ದೊಡ್ಡ ತಂಡಕ್ಕೂ ಆಗಿದೆ. 2014ರ ಜುಲೈ 8ರಂದು ಬ್ರೆಜಿಲಿನ ಬೆಲೊ ಹೊರಿಜಾಂಟೆಯಲ್ಲಿ ವಿಶ್ವಕಪ್ ಸೆಮಿಫೈನಲ್. ತಮ್ಮದೇ ನೆಲ, ತಮ್ಮದೇ ಜನ. ಬೆನ್ನಿಗೆ ಪೆಟ್ಟಾಗಿ ನೇಮರ್ ಇಲ್ಲ. ಕಾರ್ಡಿನ ಕಾರಣಕ್ಕೆ ಕ್ಯಾಪ್ಟನ್ ಥಿಯಾಗೊ ಸಿಲ್ವಾ ಕೂಡ ಇಲ್ಲ. ರಾಷ್ಟ್ರಗೀತೆಯ ಹೊತ್ತಿಗೆ ಆಟಗಾರರು ನೇಮರ್‌ನ ಜೆರ್ಸಿ ಎತ್ತಿ ಹಿಡಿದಿದ್ದರು. 11ನೇ ನಿಮಿಷಕ್ಕೆ ಜರ್ಮನಿ ಮೊದಲ ಗೋಲು ಹೊಡೆಯಿತು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. 23ನೇ ನಿಮಿಷಕ್ಕೆ ಎರಡನೆಯದು. ಆಮೇಲೆ 24, 26 ಮತ್ತು 29ನೇ ನಿಮಿಷಗಳಲ್ಲಿ ಮೂರು. ಆರೇ ನಿಮಿಷದಲ್ಲಿ ನಾಲ್ಕು ಗೋಲು. ಕೊನೆಗೆ 7-1. ಅವತ್ತು ಬ್ರೆಜಿಲಿನವರಿಗೆ ಫುಟ್ಬಾಲ್ ಮರೆತುಹೋಗಿತ್ತಾ? ಕಾಲಿನಲ್ಲಿ ಬಲ ಇರಲಿಲ್ಲವಾ? ಎರಡನೇ ಗೋಲಿನ ಬಳಿಕ ಮುಂದೇನು ಮಾಡಬೇಕು ಎಂಬುದು ಅವರಲ್ಲಿ ಒಬ್ಬರಿಗೂ ತೋಚಲಿಲ್ಲ. ಲೋಕದ ಮಹಾ ಆಟಗಾರರ ಪಾಡೇ ಹೀಗಿದ್ದರೆ, ವಾರದ ಹಿಂದೆ ಒಟ್ಟಾದ ನಮ್ಮ ಕಾಲೇಜು ಹುಡುಗರನ್ನು ಹೇಡಿಗಳು ಅನ್ನುವುದು ಹೇಗೆ?

ಮನಸ್ಸು ಹೀಗೆ ಕೈಬಿಡುವುದರ ಬಗ್ಗೆ ವಿಜ್ಞಾನಿಗಳು ಬಹಳ ಹಿಂದೆಯೇ ತಲೆ ಕೆಡಿಸಿಕೊಂಡಿದ್ದಾರೆ. 1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಇಬ್ಬರು ನಾಯಿಗಳ ಮೇಲೆ ಮಾಡಿದ ಪ್ರಯೋಗದ ವರದಿ ಪ್ರಕಟಿಸಿದರು. ಕೆಲವು ನಾಯಿಗಳಿಗೆ ವಿದ್ಯುತ್ ಶಾಕ್ ಕೊಟ್ಟರು. ಏನು ಮಾಡಿದರೂ ಅವುಗಳಿಂದ ಶಾಕ್ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಆಮೇಲೆ ಅವೇ ನಾಯಿಗಳನ್ನು ಚಿಕ್ಕ ತಡೆಯೊಂದನ್ನು ಹಾರಿದರೆ ಪಾರಾಗುವಂಥ ಜಾಗದಲ್ಲಿ ಬಿಟ್ಟರು. ಹೆಚ್ಚಿನವು ಹಾರಲೇ ಇಲ್ಲ. ಅಲ್ಲೇ ಮಲಗಿ ಶಾಕ್ ತಿಂದವು. ‘ಏನು ಮಾಡಿದರೂ ಅಷ್ಟೇ’ ಎಂಬುದನ್ನು ಜೀವ ಕಲಿತುಕೊಳ್ಳುತ್ತದೆ ಎಂದು ಆಗ ಅವರು ತೀರ್ಮಾನಿಸಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸುಮಾರು ಐವತ್ತು ವರ್ಷದ ಬಳಿಕ, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಮಿದುಳಿನ ಅಧ್ಯಯನಗಳನ್ನೆಲ್ಲ ನೋಡಿದ ಮೇಲೆ ಅವರಿಗೆ ಸಿಕ್ಕಿದ್ದು ತಿರುಗುಮುರುಗು ಉತ್ತರ. ದೀರ್ಘ ಪೆಟ್ಟು ಬಿದ್ದಾಗ ಕೈಚೆಲ್ಲುವುದು ಕಲಿತದ್ದಲ್ಲ, ಅದು ಜೀವದ ಹುಟ್ಟುಗುಣ. ಕಲಿಯಬೇಕಾದ್ದು ಇನ್ನೊಂದು: ‘ನಾನು ಏನಾದರೂ ಮಾಡಿದರೆ ಏನಾದರೂ ಬದಲಾಗುತ್ತದೆ’ ಎಂಬುದು. ಅಂದರೆ ಮೂರನೇ ಗೋಲಿನ ಬಳಿಕ ತಲೆ ತಗ್ಗಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ತಲೆ ಎತ್ತುವುದನ್ನು ಹೇಳಿಕೊಡಬೇಕು, ಅಭ್ಯಾಸ ಮಾಡಿಸಬೇಕು. ಪಾಸ್ ಕೊಡುವುದನ್ನು, ಹೆಡ್ ಮಾಡುವುದನ್ನು ಕಲಿಸುವ ಹಾಗೆಯೇ. ನಾನು ಅವತ್ತು ಇದರ ತದ್ವಿರುದ್ಧ ಮಾಡಿದ್ದೆ.

ತಲೆ ಎತ್ತಿದವರ ಕಥೆಗೆ ದೂರ ಹೋಗಬೇಕಿಲ್ಲ. ನಮ್ಮ ಬೆಂಗಳೂರಿನವರೇ ಇದ್ದಾರೆ. ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ 1937ರಲ್ಲಿ ರೋವರ್ಸ್ ಕಪ್ ಗೆದ್ದಿತ್ತು. ಅದುವರೆಗೆ ಬ್ರಿಟಿಷ್ ಪಟಾಲಮುಗಳೇ ಎತ್ತಿಕೊಂಡು ಹೋಗುತ್ತಿದ್ದ ಕಪ್ಪದು. ಮರುವರ್ಷವೂ ಗೆದ್ದರು. ಆ ಕ್ಲಬ್ಬಿನಲ್ಲಿ ಮುಂದೆ ಆಡಿದವರು ಅಹ್ಮದ್ ಖಾನ್. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಐವರು ಫಾರ್ವರ್ಡ್‌ಗಳನ್ನು ಜನ ‘ಪಂಚ ಪಾಂಡವರು’ ಅಂತ ಕರೆಯುತ್ತಿದ್ದರು. ಅದರಲ್ಲಿ ಇವರೂ ಒಬ್ಬರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದರು.

ಹೆಲ್ಸಿಂಕಿಯ ಪಂದ್ಯವನ್ನು ನಮ್ಮ ಹುಡುಗರಿಗೆ ಹೇಳಬೇಕು. 1952ರ ಜುಲೈ 15. ಎದುರಿಗೆ ಯುಗೋಸ್ಲಾವಿಯ, ಆ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡ. ಚಳಿ ದೇಶ. ನಮ್ಮವರಲ್ಲಿ ಹಲವರು ಬರಿಗಾಲು. ಒಂದರ ಮೇಲೊಂದು ಹತ್ತು ಗೋಲು ಬಿತ್ತು. 10-0. ಆಟ ಮುಗಿಯಲು ಒಂದು ನಿಮಿಷ ಇರುವಾಗ, 89ನೇ ನಿಮಿಷಕ್ಕೆ, ಅಹ್ಮದ್ ಖಾನ್ ಗೋಲು ಹೊಡೆದರು. 10-1. ದಾಖಲೆ ಪುಸ್ತಕದಲ್ಲಿ ಅದು ಭಾರತದ ದೊಡ್ಡ ಸೋಲುಗಳಲ್ಲಿ ಒಂದು, ಅಷ್ಟೇ. ಆದರೆ ಒಂದು ಕ್ಷಣ ಯೋಚಿಸಿ. ಹತ್ತು ಗೋಲು ಬಿದ್ದ ಮೇಲೂ, ಕಾಲು ಸೋತು ಹೋದ ಮೇಲೂ, 89ನೇ ನಿಮಿಷಕ್ಕೆ ಎದುರಿನವರ ಗೋಲಿನ ಬಳಿ ಈ ಮನುಷ್ಯನಿಗೆ ಏನು ಕೆಲಸ? ಗೆಲ್ಲುವ ಆಸೆಗಂತೂ ಅಲ್ಲ. ಪಂದ್ಯ ಇನ್ನೂ ಮುಗಿದಿಲ್ಲ, ಅದಕ್ಕೆ ಅಲ್ಲಿದ್ದರು.

ಅದೇ ಯುಗೋಸ್ಲಾವಿಯದ ಮುಂದಿನ ಪಂದ್ಯ ಐದು ದಿನದ ಬಳಿಕ ಸೋವಿಯತ್ ಒಕ್ಕೂಟದ ಮೇಲೆ. ಅಲ್ಲೂ 5-1ರಲ್ಲಿ ಮುಂದಿದ್ದರು. 75ನೇ ನಿಮಿಷದಿಂದ ಸೋವಿಯತ್ತಿನವರು ನಾಲ್ಕು ಗೋಲು ಹೊಡೆದು 5-5 ಮಾಡಿದರು. ಎರಡನೇ ಸಲ ಆಡಿದಾಗ ಸೋವಿಯತ್ತಿನವರು 1-3ರಲ್ಲಿ ಸೋತರು ಎಂಬುದು ಬೇರೆ ಮಾತು. ಕಾಲು ಗಂಟೆ ಉಳಿದಿರುವಾಗ ನಾಲ್ಕು ಗೋಲು ಹಿಂದಿದ್ದರೂ ಪಂದ್ಯ ಇನ್ನೂ ಉಂಟು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹತ್ತು ವರ್ಷದ ಬಳಿಕ, 1962ರ ಜಕಾರ್ತ ಏಷ್ಯನ್ ಗೇಮ್ಸ್. ಭಾರತ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಕ್ಕೆ 0-2ರಲ್ಲಿ ಸೋತಿತು. ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಮೈಯೊಳಗೆ ಕ್ಯಾನ್ಸರ್. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಂ ಸಾಹೇಬರು ಅವರನ್ನು ಫಾರ್ವರ್ಡ್ ಆಗಿ ಆಡಿಸಿದರು. ಫೈನಲಿನಲ್ಲಿ ಅದೇ ಕೊರಿಯವನ್ನು ಭಾರತ 2-1ರಲ್ಲಿ ಸೋಲಿಸಿತು. ಗೋಲು ಹೊಡೆದವರು ಪಿ.ಕೆ. ಬ್ಯಾನರ್ಜಿ ಮತ್ತು ಹೊಲಿಗೆ ಹಾಕಿದ ತಲೆಯ ಜರ್ನೈಲ್. ಮರುವರ್ಷ ರಹೀಂ ತೀರಿಕೊಂಡರು. ಅವರು ಹುಡುಗರಿಗೆ ಬರೀ ಧೈರ್ಯದ ಮಾತು ಹೇಳಿ ಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಆಟಗಾರನ ಜಾಗವನ್ನೇ ಬದಲಿಸಿದರು. ಸೋತ ತಂಡದ ಕೈಗೆ ಮಾಡಲು ಹೊಸ ಕೆಲಸ ಕೊಟ್ಟರು.

ಇನ್ನು ತೀರಾ ಇತ್ತೀಚಿನ ಎರಡು ದಿನ. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಐಎಸ್ಎಲ್ ನಾಕೌಟ್ ಪಂದ್ಯ, ಹೆಚ್ಚುವರಿ ಸಮಯ. ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟಿ ಸಿದ್ಧವಾಗುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ರೆಫ್ರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ತಮ್ಮ ಹುಡುಗರನ್ನು ಹೊರಗೆ ಕರೆದರು, ತಂಡ ವಾಪಸ್ ಬರಲೇ ಇಲ್ಲ. ಆಮೇಲೆ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. ರೆಫ್ರಿ ಮಾಡಿದ್ದು ಸರಿಯಾ ತಪ್ಪಾ ಅಂತ ನಮ್ಮ ಹೋಟೆಲುಗಳಲ್ಲಿ ಇವತ್ತಿಗೂ ವಾದ ಮಾಡುವವರಿದ್ದಾರೆ. ಅದು ಬದಿಗಿರಲಿ. ಬಾಕಿ ಇದ್ದ ಇಪ್ಪತ್ತಕ್ಕೂ ಹೆಚ್ಚು ನಿಮಿಷದಲ್ಲಿ ಒಂದು ಗೋಲು ಹೊಡೆದಿದ್ದರೆ ಪಂದ್ಯ ಸಮ ಆಗುತ್ತಿತ್ತು. ಆ ನಿಮಿಷಗಳು ಯಾರಿಗೂ ಸಿಗಲಿಲ್ಲ.

ಮರುದಿನ, ಮಾರ್ಚ್ 4. ಸೌದಿಯ ರಿಯಾದಿನಲ್ಲಿ ಸಂತೋಷ್ ಟ್ರೋಫಿ ಫೈನಲ್. ಕರ್ನಾಟಕ ಮತ್ತು ಮೇಘಾಲಯ. ನಮ್ಮವರು ಶುರುವಿನಲ್ಲೇ ಗೋಲು ಹೊಡೆದರು, ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು. ನಮ್ಮವರು ಮತ್ತೆರಡು ಹೊಡೆದರು. ವಿರಾಮದ ಬಳಿಕ ಮೇಘಾಲಯ ಇನ್ನೊಂದು ಹೊಡೆದು 3-2 ಮಾಡಿತು. ಆಮೇಲೆ ಸುಮಾರು ಅರ್ಧ ಗಂಟೆ ಒಂದೇ ಗೋಲಿನ ಅಂತರ. ಕೈ ಬಿಡಲಿಲ್ಲ. 1968-69ರಲ್ಲಿ ಮೈಸೂರು ರಾಜ್ಯದ ಹೆಸರಲ್ಲಿ ಗೆದ್ದ ಮೇಲೆ, 54 ವರ್ಷದ ಬಳಿಕ ಟ್ರೋಫಿ ಕರ್ನಾಟಕಕ್ಕೆ ಬಂತು. ಹೊಡೆದ ಗೋಲಿಗೆ ಉತ್ತರ ಬಿದ್ದಾಗಲೂ ಆಟ ಮುಂದುವರಿಸುವುದು ಆ ಹುಡುಗರಿಗೆ ಗೊತ್ತಿತ್ತು.

ಇನ್ನು ನಮ್ಮ ಕಾಲೇಜುಗಳ ಕಡೆ ಬರೋಣ. ಹೆಚ್ಚಿನ ಕಡೆ ತಂಡ ಆಗುವುದೇ ಪಂದ್ಯದ ವಾರ ಇರುವಾಗ. ನೋಟಿಸ್ ಬೋರ್ಡಿನಲ್ಲಿ ಚೀಟಿ, ಎರಡು ಸಂಜೆ ಸೆಲೆಕ್ಷನ್, ಜೆರ್ಸಿ ಹಂಚಿಕೆ. ಹನ್ನೊಂದು ಮಂದಿ ಸೋಲಿನಲ್ಲಿ ಒಟ್ಟಿಗೆ ಇದ್ದು ಗೊತ್ತೇ ಇರುವುದಿಲ್ಲ. ನಾಕೌಟ್ ಪಂದ್ಯ ಆದ್ದರಿಂದ ಒಮ್ಮೆ ಸೋತರೆ ಆ ವರ್ಷ ಮುಗಿಯಿತು. ತಿದ್ದಿಕೊಳ್ಳಲು ಇನ್ನೊಂದು ಪಂದ್ಯ ಇಲ್ಲ. ಒಳ್ಳೆಯ ಆಟಗಾರನಿಗೆ ಹಾಜರಾತಿಯ ತಲೆಬಿಸಿ. ಹಿಂದಿನ ರಾತ್ರಿ ಲೈಟಿನ ಕೆಳಗೆ ಯಾವುದೋ ಊರ ಸೆವೆನ್ಸ್ ಟೂರ್ನಮೆಂಟಿನಲ್ಲಿ ಆಡಿ, ನಿದ್ದೆಗೆಟ್ಟು ಬಂದವನೂ ಇರುತ್ತಾನೆ. ಬೆಂಚಿನಲ್ಲಿ ಕೂತ ಹುಡುಗರನ್ನು ಇಳಿಸುವ ಧೈರ್ಯ ಮ್ಯಾನೇಜರಿಗೆ ಇರುವುದಿಲ್ಲ. ಇದರ ಮೇಲೆ ಮೈದಾನದ ಬದಿಯಲ್ಲಿ ಮೊಬೈಲ್ ಎತ್ತಿ ಹಿಡಿದವರು. ತನ್ನ ಕೈಯಿಂದ ಜಾರಿದ ಚೆಂಡು ಸಂಜೆಯೊಳಗೆ ಹತ್ತು ಗುಂಪುಗಳಲ್ಲಿ ಓಡಾಡುತ್ತದೆ ಎಂದು ಗೊತ್ತಿರುವ ಕೀಪರ್ ಮುಂದಿನ ಚೆಂಡಿಗೆ ಹೇಗೆ ಹಾರುತ್ತಾನೆ, ನೀವೇ ಹೇಳಿ.

0-7ರ ಬಳಿಕ ನಮ್ಮ ಕೀಪರ್ ಹುಡುಗ ಅಭ್ಯಾಸಕ್ಕೆ ಬರುವುದು ಬಿಟ್ಟ. ಆಮೇಲೆ ತರಗತಿಗೂ ಬರುವುದು ಕಡಿಮೆ ಆಯಿತು. ಕೇಳಿದರೆ "ಏನ್ ಮಾಡಿದ್ರೂ ಅಷ್ಟೇ ಅಲ್ವಾ ಸಾರ್" ಅನ್ನುತ್ತಿದ್ದ. ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮೈದಾನದಲ್ಲಿ ಶುರುವಾದ ಮಾತು ಮೈದಾನದಲ್ಲೇ ನಿಲ್ಲುವುದಿಲ್ಲ. ಒಂದು ಸಬ್ಜೆಕ್ಟ್ ಹೋಯಿತು ಎಂದು ಡಿಗ್ರಿಯನ್ನೇ ಬಿಟ್ಟು ಗಲ್ಫಿನ ವೀಸಾಕ್ಕೆ ಕಾಯುತ್ತಾ ಕೂತ ಎಷ್ಟು ಹುಡುಗರು ನಮ್ಮ ಜಮಾಅತುಗಳಲ್ಲಿಲ್ಲ? ಅವರೂ ಎರಡನೇ ಗೋಲಿನ ಬಳಿಕ ಕೈ ಸೊಂಟಕ್ಕೆ ಇಟ್ಟವರೇ.

ದಾರಿ ತೋರಿಸಿದವರು ಮದಲೂರಿನ ಚಿಕ್ಕ ಮಕ್ಕಳು. ಆಗ ಆ ಕೆರೆಯಲ್ಲಿ ನೀರಿರಲಿಲ್ಲ. ಕೆರೆಯ ಅಂಗಳದಲ್ಲಿ ಚಪ್ಪಲಿ ಇಟ್ಟು ಗೋಲು ಮಾಡಿ ಆಡುತ್ತಿದ್ದರು. ಸ್ಕೋರು ಎಷ್ಟು ಅಂತ ಕೇಳಿದೆ. ಒಬ್ಬ ಒಂಬತ್ತು ಅಂದ, ಒಬ್ಬ ಹನ್ನೆರಡು ಅಂದ. ಕತ್ತಲಾಗುತ್ತಾ ಬಂದಾಗ ಒಬ್ಬ ಕೂಗಿದ: "ಲಾಸ್ಟ್ ಗೋಲ್ ವಿನ್!" ಕೊನೆಯ ಗೋಲು ಹೊಡೆದವರೇ ಗೆದ್ದಂತೆ. ಅಲ್ಲಿಯವರೆಗೆ ಸೋಲುತ್ತಿದ್ದವರು ಆ ಮಾತು ಕೇಳಿದ್ದೇ ಹುಚ್ಚು ಹಿಡಿದವರಂತೆ ಓಡಿದರು. ನಮ್ಮ ಗದ್ದೆಯಲ್ಲೂ ಇದೇ ಕಾನೂನು ಇತ್ತಲ್ಲ, ನೆನಪುಂಟಾ? ಕಾಲು ಅದೇ, ದಣಿವು ಅದೇ. ಬದಲಾದದ್ದು ಲೆಕ್ಕ ಮಾತ್ರ.

ಅವತ್ತಿನಿಂದ ನಮ್ಮ ಅಭ್ಯಾಸದ ರೀತಿ ಬದಲಿಸಿದೆ. ದೊಡ್ಡ ವಿದ್ಯೆಯೇನಲ್ಲ, ಯಾವ ಕಾಲೇಜಿನವರೂ ಮಾಡಬಹುದು. ಅಭ್ಯಾಸ ಪಂದ್ಯವನ್ನು 0-0ಯಿಂದ ಶುರು ಮಾಡುವ ಬದಲು ಒಂದು ತಂಡಕ್ಕೆ 0-3 ಅಂತ ಹೇಳಿಯೇ ಆಡಿಸುವುದು. ಸೋಲಿನಲ್ಲಿ ನಿಂತು ಆಡಿದ ಅನುಭವ ಪಂದ್ಯಕ್ಕೆ ಮೊದಲೇ ಮೈಗೆ ಹತ್ತಲಿ. ಎರಡನೆಯದು, ಗೋಲು ಬಿದ್ದ ಬಳಿಕದ ಐದು ನಿಮಿಷಕ್ಕೆ ಮೊದಲೇ ಒಂದು ಕೆಲಸ ಗೊತ್ತು ಮಾಡುವುದು. ಗೋಲು ಬಿದ್ದ ಮೇಲೆ ಸೆಂಟರಿನಿಂದ ಚೆಂಡು ಶುರು ಮಾಡುವವರು ಗೋಲು ತಿಂದವರೇ ಅಲ್ಲವೇ? ಚೆಂಡು ನಮ್ಮದೇ! ಬಲೆಯಿಂದ ಅದನ್ನು ತೆಗೆದು ಓಡಿಕೊಂಡು ತರುವವನು ಯಾರು, ಮೊದಲ ಐದು ಪಾಸು ಯಾರಿಂದ ಯಾರಿಗೆ ಎಂಬುದು ಎಲ್ಲರಿಗೂ ಬಾಯಿಪಾಠ ಇರಬೇಕು. ಮೂರನೆಯದು, ಪಂದ್ಯವನ್ನು ಹತ್ತತ್ತು ನಿಮಿಷದ ತುಂಡು ಮಾಡುವುದು. ಪ್ರತಿ ತುಂಡೂ ಹೊಸ ಪಂದ್ಯ. ನಾಲ್ಕನೆಯದು ಮ್ಯಾನೇಜರಿಗೆ: ವಿರಾಮದಲ್ಲಿ ಭಾಷಣ ಬೇಡ, ಬೈಗುಳವೂ ಬೇಡ. ಮಾಡಬಹುದಾದ ಒಂದೇ ಒಂದು ಕೆಲಸ ಹೇಳಿ. ಬೇಕಾದರೆ ಬೆಂಚಿನಿಂದ ಹೊಸ ಕಾಲು ಇಳಿಸಿ. ಐದನೆಯದು ಬದಿಯಲ್ಲಿ ನಿಂತ ನಮಗೆಲ್ಲ. ನಾಲ್ಕು ಗೋಲು ಬಿದ್ದ ಮೇಲೂ ಓಡುವ ಹುಡುಗ ಕಂಡರೆ ಅವನ ಹೆಸರು ಹಿಡಿದು ಕೂಗಿ. ಗೆಲ್ಲುವವನಿಗೆ ಚಪ್ಪಾಳೆ ಹೇಗೂ ಸಿಗುತ್ತದೆ.

ಕೀಪರ್ ಹುಡುಗನ ಮನೆಗೆ ಹೋಗಿ ಬಂದೆ. "ಅವತ್ತು ಮದಿ ಅಂದದ್ದು ನನ್ನ ತಪ್ಪು" ಅಂದೆ. ಅವನಿಗೆ ನಾಚಿಕೆಯಾಯಿತು, ನನಗೂ. ಅವನ ತಾಯಿ ಚಹಾ ಕೊಟ್ಟರು. ಎರಡು ದಿನ ಬಿಟ್ಟು ಅಭ್ಯಾಸಕ್ಕೆ ಬಂದ.

ಮುಂದಿನ ವರ್ಷ ಮತ್ತೆ ಪಂದ್ಯಕ್ಕೆ ಹೋದೆವು. ನಾವು ಗೆದ್ದೆವು ಎಂದು ಬರೆದರೆ ಸುಳ್ಳಾಗುತ್ತದೆ. ವಿರಾಮದ ಹೊತ್ತಿಗೆ 0-4. ಎದುರಿನವರು ನಮಗಿಂತ ಬಹಳ ಚೆನ್ನಾಗಿದ್ದರು. ಈ ಸಲ ಹುಡುಗರು ನೆಲದಲ್ಲಿ ಕೂರಲಿಲ್ಲ. ನಿಂತೇ ನೀರು ಕುಡಿದರು. ನಾನು ಹೇಳಿದ್ದು ಒಂದೇ: "ಎಡಗಡೆಯವನು ದಣಿದಿದ್ದಾನೆ, ಚೆಂಡು ಆ ಕಡೆಗೇ ಹಾಕಿ." ಪಂದ್ಯ ಮುಗಿದಾಗ 2-5. ನಮ್ಮ ಎರಡನೇ ಗೋಲು ಬಿದ್ದದ್ದು ರೆಫ್ರಿ ಗಡಿಯಾರ ನೋಡುತ್ತಿದ್ದಾಗ. ಗೋಲು ಹೊಡೆದವನು ಕುಣಿಯಲು ನಿಲ್ಲಲಿಲ್ಲ, ಚೆಂಡು ಎತ್ತಿಕೊಂಡು ಸೆಂಟರಿಗೆ ಓಡಿದ.

ಅದಾದ ಮೇಲೆ ನಾನು ಊರಿಗೆ ವಾಪಸಾದೆ. 2020ರ ಕೊನೆಗೆ ಮದಲೂರು ಕೆರೆಗೆ ಹೇಮಾವತಿ ನೀರು ಹರಿದು ಬಂತು. ಹುಡುಗರು ಫೋಟೋ ಕಳಿಸಿದ್ದರು. ಚಪ್ಪಲಿ ಇಟ್ಟು ಗೋಲು ಮಾಡುತ್ತಿದ್ದ ಕಡೆಯೆಲ್ಲ ನೀರು. "ಗ್ರೌಂಡ್ ಹೋಯ್ತು ಸಾರ್" ಎಂದು ಬರೆದು ಕೆಳಗೆ ನಗುವ ಚಿತ್ರ ಹಾಕಿದ್ದರು.

ಆದರೆ ನನಗೆ ಹೆಚ್ಚು ನೆನಪಾಗುವುದು 2-5ರಲ್ಲಿ ಸೋತ ದಿನದ ಬಸ್ಸು. ಅವತ್ತು ಹಿಂದಿನ ಸೀಟಿನಲ್ಲಿ ಜೋರು ಗಲಾಟೆ. ಏನೆಂದು ತಿರುಗಿ ನೋಡಿದರೆ ಕೀಪರ್ ಹುಡುಗ ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದ. "ಸಾರ್, ಸೆಕೆಂಡ್ ಹಾಫ್ ಮಾತ್ರ ನೋಡಿದ್ರೆ ಟು-ಒನ್. ನಾವೇ ಗೆದ್ದಿದ್ದು!"